ಕೃಪೆಯಿಂದ ರಕ್ಷಣೆ ಅಂದ ಮೇಲೆ ಹತ್ತು ಆಜ್ಞೆ ಯಾಕೆ?

ಬನ್ನಿಮಂಟಪದ ಟೀಚರ್ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಸಭೆಯಲ್ಲಿ (ಚರ್ಚಿನಲ್ಲಿ) ದೃಢೀಕರಣಕ್ಕೆ (ಕನ್ಫರ್ಮೇಶನ್‌ಗೆ) ತಯಾರಾಗುವ ಮಕ್ಕಳಿಗೆ ನಾನು ಪಾಠ ಮಾಡುತ್ತೇನೆ. ಎಲ್ಲರೂ ಎಸ್ಸೆಸ್ಸೆಲ್ಸಿ, ಪಿಯುಸಿ ವಯಸ್ಸಿನವರು. ವಿಮೋಚನಕಾಂಡ 20 ತೆಗೆಸಿ, ಹತ್ತು ಆಜ್ಞೆ ಬಾಯಿಪಾಠ ಮಾಡಿಕೊಂಡು ಬನ್ನಿ ಅಂದೆ. ಹಿಂದಿನ ಬೆಂಚಿನ ಹುಡುಗ ಕೈ ಎತ್ತಿದ. "ಮಿಸ್, ಎಫೆಸದವರಿಗೆ ಬರೆದ ಪತ್ರದಲ್ಲಿ ಕೃಪೆಯಿಂದಲೇ ರಕ್ಷಣೆ, ನಮ್ಮ ಕೆಲಸದಿಂದ ಅಲ್ಲ ಅಂತ ನೀವೇ ಹೇಳಿಕೊಟ್ಟಿದ್ದೀರಿ. ಈಗ ಈ ಹತ್ತು ಪಾಲಿಸದಿದ್ದರೆ ನರಕ ಅಂದರೆ ಅದು ಕೃಪೆ ಅಲ್ಲ. ಪಾಲಿಸದಿದ್ದರೂ ನಡೆಯುತ್ತೆ ಅಂದರೆ ಬಾಯಿಪಾಠ ಯಾಕೆ?" ಅಂದ.

ತಲೆಹರಟೆ ಅಂತ ತಳ್ಳಿಹಾಕುವ ಪ್ರಶ್ನೆ ಅಲ್ಲ ಇದು. ನಮ್ಮ ಅಯ್ಯನವರನ್ನು (ಪಾಸ್ಟರನ್ನು) ಕೇಳಿದೆ. ಚೆನ್ನಾಗಿಯೇ ಹೇಳಿದರು, ಆದರೆ ಆ ವಯಸ್ಸಿನವರಿಗೆ ಮುಟ್ಟುವ ಹಾಗಿರಲಿಲ್ಲ. ನಿಮ್ಮ ನಿಮ್ಮ ಸಭೆಗಳಲ್ಲಿ ಇದಕ್ಕೆ ಏನು ಹೇಳುತ್ತಾರೆ? "ದೇವರು ಹೇಳಿದ್ದಾರೆ, ಮಾಡಬೇಕು" ಅಂತ ಒಂದೇ ಸಾಲಿನಲ್ಲಿ ಮುಗಿಸಬೇಡಿ ದಯವಿಟ್ಟು.

ಕೃಪೆಸಾಕು (ಹೆಬ್ಬಾಳ, ಮೈಸೂರು)

ಸ್ತೋತ್ರ ಸಿಸ್ಟರ್. ಹುಡುಗ ಸರಿಯಾಗಿಯೇ ಹಿಡಿದಿದ್ದಾನೆ. ನೀವು ಧರ್ಮಶಾಸ್ತ್ರದ (ಮೋಶೆಯ ಮೂಲಕ ಬಂದ ಕಟ್ಟಳೆಗಳ) ಕೆಳಗೆ ಇಲ್ಲ, ಕೃಪೆಯ ಕೆಳಗೆ ಇದ್ದೀರಿ ಅಂತ ರೋಮ 6:14 ಹೇಳುತ್ತದೆ. ನಮಗೆ ವಿರುದ್ಧವಾಗಿದ್ದ ಪತ್ರವನ್ನು ಕ್ರಿಸ್ತ ಶಿಲುಬೆಗೆ ಜಡಿದುಬಿಟ್ಟ ಅಂತ ಕೊಲೊಸ್ಸೆ 2:14. ಸಿನಾಯಿ ಬೆಟ್ಟದಲ್ಲಿ ಹತ್ತು ಆಜ್ಞೆಯನ್ನು ಕಲ್ಲಿನ ಹಲಗೆಯ ಮೇಲೆ ಬರೆದು ಕೊಟ್ಟಿದ್ದು ಇಸ್ರಾಯೇಲರಿಗೆ. ನಮಗೆ ಪವಿತ್ರಾತ್ಮ ಇದ್ದಾನೆ. ಕಲ್ಲಿನ ಹಲಗೆ ಇನ್ನೂ ಯಾಕೆ ಹೊರಬೇಕು?

ಸುಮ್ನೆ ವಾದಕ್ಕೆ ಹೇಳುತ್ತಿಲ್ಲ. ನಾನು ಬೆಳೆದ ಮನೆಯಲ್ಲಿ ಆಜ್ಞೆ ಅಂದರೆ ಹೆದರಿಕೆ. ಭಾನುವಾರ ಬ್ಯಾಟ್ ಹಿಡಿದರೆ ಏಟು, ಸಿನಿಮಾಗೆ ಹೋದರೆ ಏಟು, ಎಲ್ಲಕ್ಕೂ ಒಂದೊಂದು ವಚನ. ದೇವರು ಒಬ್ಬ ಪಿಟಿ ಮೇಷ್ಟ್ರು ಅಂದುಕೊಂಡಿದ್ದೆ. ರೋಮಾಪುರದವರ ಪತ್ರ ನಾನೇ ಕೂತು ಓದಿದ ಮೇಲೆ ಉಸಿರಾಡುವ ಹಾಗಾಯಿತು. ಆ ಮಕ್ಕಳಿಗೆ ಅದೇ ಹೆದರಿಕೆ ಮತ್ತೆ ಕೊಡಬೇಡಿ.

ಲಷ್ಕರ್ ಮೊಹಲ್ಲಾ (ಮೈಸೂರು)

ತಮ್ಮಾ, ಏಟು ಕೊಟ್ಟಿದ್ದು ನಿಮ್ಮ ತಂದೆ. ಮೋಶೆಯ ಮೇಲೆ ಯಾಕಪ್ಪಾ ಕೋಪ?

ನಾನು ಕಥೋಲಿಕ. ಫಿಲೋಮಿನಾ ಚರ್ಚಿನ ಗೋಪುರ ನೋಡಿಕೊಂಡೇ ಬೆಳೆದವನು. ನಮ್ಮ ಧರ್ಮೋಪದೇಶದ ಕ್ಲಾಸಿನಲ್ಲಿ ಹತ್ತು ಕಟ್ಟಳೆ ಕಲಿಸುವುದು ಪಾಪನಿವೇದನೆಗೆ ಕೂರುವ ಮೊದಲು ಆತ್ಮಶೋಧನೆ ಮಾಡಿಕೊಳ್ಳಲಿ ಅಂತ. ಒಂದೊಂದೇ ಕಟ್ಟಳೆ ಹಿಡಿದು, ಈ ತಿಂಗಳು ಯಾರಿಗೆ ಏನು ಮಾಡಿದೆ ಅಂತ ಕೇಳಿಕೊಳ್ಳಬೇಕು. ಅದಿಲ್ಲದೆ ಹೋಗಿ ಮಂಡಿಯೂರಿದರೆ ಎಲ್ಲರೂ ಹೇಳುವುದು ಒಂದೇ: "ಫಾದರ್, ಕೋಪ ಬಂತು."

ನಿತ್ಯಜೀವಕ್ಕೆ ಏನು ಮಾಡಲಿ ಅಂತ ಕೇಳಿದ ಆ ಶ್ರೀಮಂತ ಯುವಕನಿಗೆ ಯೇಸುಸ್ವಾಮಿಯೇ ಏನು ಹೇಳಿದರು? ನಿತ್ಯಜೀವ ಬೇಕಾದರೆ ಆಜ್ಞೆಗಳನ್ನು ಪಾಲಿಸು. ಮತ್ತಾಯ 19. "ಅದೆಲ್ಲ ಹಳೇದು, ಬಿಡು" ಅನ್ನಲಿಲ್ಲ. ಕೊನೆಯ ಭೋಜನದ ರಾತ್ರಿ ಶಿಷ್ಯರಿಗೂ ಅದೇ. ನನ್ನ ಮೇಲೆ ಪ್ರೀತಿ ಇದ್ದರೆ ನನ್ನ ಆಜ್ಞೆ ನಡೆಸುತ್ತೀರಿ, ಯೋಹಾನ 14.

ಕೃಪೆಸಾಕು

ಅಣ್ಣಾ, ಆ ಯುವಕ ಎಲ್ಲ ಪಾಲಿಸಿದ್ದೇನೆ ಅಂದ. ಆಸ್ತಿ ಮಾರಿ ಬಡವರಿಗೆ ಕೊಡು ಅಂದ ಮೇಲೆ ದುಃಖದಿಂದ ಎದ್ದು ಹೋದ. ಪಾಲಿಸಿ ಏನು ಸಿಕ್ಕಿತು?

ಹಳೇ ಮೇಷ್ಟ್ರು (ಮೈಸೂರು)

ಇಬ್ಬರೂ ಒಂದು ನಿಮಿಷ ಸುಮ್ಮನಿರಿ. ನಿವೃತ್ತ ಮನುಷ್ಯ, ಟೈಮ್ ಇದೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಟೀಚರಮ್ಮ, ಆ ಹುಡುಗನಿಗೆ ಮೊದಲು ವಿಮೋಚನಕಾಂಡದ ಅಧ್ಯಾಯಗಳ ಸಂಖ್ಯೆ ತೋರಿಸಿ. ಇಸ್ರಾಯೇಲರು ಐಗುಪ್ತದ (ಈಜಿಪ್ಟಿನ) ದಾಸತ್ವ ಬಿಟ್ಟು ಹೊರಟ ಪಸ್ಕದ ರಾತ್ರಿ 12ನೇ ಅಧ್ಯಾಯ. ಸಮುದ್ರ ದಾಟಿದ್ದು 14. ತಿನ್ನಲು ಮನ್ನ ಸಿಕ್ಕಿದ್ದು 16. ಐಗುಪ್ತ ಬಿಟ್ಟ ಮೂರನೇ ತಿಂಗಳಲ್ಲಿ ಸಿನಾಯಿಗೆ ಬಂದರು, ಅದು 19. ಆಜ್ಞೆ ಬರುವುದು 20ರಲ್ಲಿ. "ಈ ಹತ್ತು ಪಾಲಿಸಿ, ಒಂದು ವರ್ಷ ನೋಡುತ್ತೇನೆ, ಪಾಸಾದರೆ ಬಿಡಿಸುತ್ತೇನೆ" ಅಂತ ದೇವರು ಐಗುಪ್ತಕ್ಕೆ ಹೇಳಿ ಕಳಿಸಲಿಲ್ಲ. ಮೊದಲು ಬಿಡಿಸಿದ. ಆ 20ನೇ ಅಧ್ಯಾಯವೂ ಶುರುವಾಗುವುದು ದಾಸತ್ವದಿಂದ ನಿಮ್ಮನ್ನು ಹೊರಗೆ ತಂದವನು ನಾನು ಅಂತಲೇ. ನಾವು ಮಕ್ಕಳಿಗೆ ಬಾಯಿಪಾಠ ಕೊಡುವಾಗ ಆ ಸಾಲನ್ನೇ ಬಿಟ್ಟು "ನನ್ನ ಹೊರತು ಬೇರೆ ದೇವರು" ಅನ್ನುವಲ್ಲಿಂದ ಶುರು ಮಾಡಿಸುತ್ತೇವೆ. ಯೆಹೂದ್ಯರು ಬಿಡುವುದಿಲ್ಲ. ಅವರಿಗೆ ಹತ್ತರಲ್ಲಿ ಮೊದಲನೆಯದೇ ಆ ಸಾಲು. ಹುಡುಗನ ಪ್ರಶ್ನೆ ಹುಟ್ಟುವುದು ಆ ಸಾಲು ಬಿಟ್ಟಿದ್ದರಿಂದ.

ಇನ್ನು ಹಿರಿಯರು ಏನಂದರು ಅಂತ. ಮೂರು ಪುಸ್ತಕ ಹೇಳುತ್ತೇನೆ. ಪ್ರೊಟೆಸ್ಟಂಟ್ ಸುಧಾರಣೆ ಶುರು ಮಾಡಿದ ಲೂಥರ್ 1529ರಲ್ಲಿ ಬರೆದ ಚಿಕ್ಕ ಉಪದೇಶ ಪುಸ್ತಕದಲ್ಲಿ ಹತ್ತು ಆಜ್ಞೆ ಎಲ್ಲಕ್ಕಿಂತ ಮೊದಲು ಬರುತ್ತದೆ, ವಿಶ್ವಾಸಪ್ರಮಾಣಕ್ಕೂ ಮೊದಲು. ಮನುಷ್ಯನಿಗೆ ತನ್ನ ಕಾಯಿಲೆ ಮೊದಲು ಗೊತ್ತಾಗಬೇಕು ಅನ್ನುವುದು ಅವರ ಲೆಕ್ಕ. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ 1563ರಲ್ಲಿ ಬಂದ ಪುಸ್ತಕದಲ್ಲಿ ಮೂರು ಭಾಗ: ನಮ್ಮ ದುರವಸ್ಥೆ, ಬಿಡುಗಡೆ, ಕೃತಜ್ಞತೆ. ಹತ್ತು ಆಜ್ಞೆಯ ವಿವರಣೆ ಮೂರನೆಯದರಲ್ಲಿ, ಕೃತಜ್ಞತೆಯ ಕೆಳಗೆ. ಕಥೋಲಿಕರ 1992ರ ಧರ್ಮೋಪದೇಶದಲ್ಲೂ ವಿಶ್ವಾಸ, ಸಂಸ್ಕಾರಗಳು ಆದ ಮೇಲೆ, ಕ್ರಿಸ್ತನಲ್ಲಿ ಜೀವನ ಅನ್ನುವ ಮೂರನೇ ಭಾಗದಲ್ಲಿ. ಒಂದೇ ಹತ್ತು ಆಜ್ಞೆಯನ್ನು ಎಲ್ಲಿಟ್ಟರು ಅನ್ನುವುದರಲ್ಲೇ ಯಾಕೆ ಅನ್ನುವುದಕ್ಕೆ ಉತ್ತರ ಇದೆ. ಇನ್ನೊಬ್ಬ ಸುಧಾರಕ ಕಾಲ್ವಿನ್ ಧರ್ಮಶಾಸ್ತ್ರಕ್ಕೆ ಮೂರು ಪ್ರಯೋಜನ ಹೇಳಿದರು. ಪಾಪ ತೋರಿಸುವುದು, ಕೆಟ್ಟವರ ಕೈ ಕಟ್ಟಿಹಾಕುವುದು, ನಂಬಿದವರಿಗೆ ದಾರಿ ಹೇಳುವುದು. ಮೂರರಲ್ಲಿ ಕೊನೆಯದೇ ಮುಖ್ಯ ಅಂದರು.

ಕೃಪೆಸಾಕು ತಮ್ಮನಿಗೆ: ಶಿಲುಬೆಗೆ ಜಡಿದಿದ್ದು ನಮ್ಮ ಮೇಲಿದ್ದ ಸಾಲಪತ್ರ. ಸಾಲ ಮನ್ನಾ ಆಯಿತು ಅಂದರೆ ಇನ್ನು ಮೇಲೆ ಪಕ್ಕದವನ ಜೇಬಿಗೆ ಕೈ ಹಾಕಬಹುದು ಅಂತ ಅಲ್ಲ, ಅಲ್ವಾ? ನಿಮ್ಮ ವಾದ ಹೊಸದೇನೂ ಅಲ್ಲ. ಲೂಥರ್ ಕಾಲದಲ್ಲೇ ಅಗ್ರಿಕೋಲಾ ಅನ್ನುವವರು, ಅವರ ಸ್ವಂತ ಸ್ನೇಹಿತರು, ಸಭೆಯಲ್ಲಿ ಧರ್ಮಶಾಸ್ತ್ರ ಬೋಧಿಸುವುದೇ ಬೇಡ ಅಂದರು. ಕೃಪೆಯ ವಿಷಯದಲ್ಲಿ ಯಾರಿಗೂ ಬಗ್ಗದ ಲೂಥರೇ 1539ರಲ್ಲಿ ಅವರ ವಿರುದ್ಧ ಬರೆದರು.

ಪಕ್ಕದ್ಮನೆ (ಮಂಡ್ಯ)

ನಾನು ಕ್ರೈಸ್ತ ಅಲ್ಲ, ಲಿಂಗಾಯತ. ಆಗಾಗ ಇಲ್ಲಿ ಓದುತ್ತಿರುತ್ತೇನೆ. ತಪ್ಪು ತಿಳಿಯಬೇಡಿ, ಒಂದು ಪ್ರಶ್ನೆ. ಕದಿಯಬೇಡ, ಕೊಲ್ಲಬೇಡ, ಸುಳ್ಳು ಹೇಳಬೇಡ ಅನ್ನುವುದನ್ನು ಬಸವಣ್ಣನವರು 12ನೇ ಶತಮಾನದಲ್ಲಿ ನಮ್ಮ ಕನ್ನಡದಲ್ಲೇ ಹೇಳಿದ್ದಾರೆ. ಎಲ್ಲ ಧರ್ಮದಲ್ಲೂ ಇದೆ. ಹಾಗಾದರೆ ನಿಮ್ಮ ಹತ್ತರಲ್ಲಿ ಬೇರೆ ಏನಿದೆ?

ಹಳೇ ಮೇಷ್ಟ್ರು

ತಪ್ಪು ತಿಳಿಯುವುದೇನು ಸಾರ್, ಒಳ್ಳೆಯ ಪ್ರಶ್ನೆ. ಕದಿಯಬೇಡ ಅನ್ನುವುದಕ್ಕೆ ಹೊಸ ಧರ್ಮ ಬೇಕಿಲ್ಲ. ಅನ್ಯಜನರ ಹೃದಯದಲ್ಲೂ ಅದು ಬರೆದಿದೆ ಅಂತ ಈ ಪತ್ರಗಳನ್ನು ಬರೆದ ಪೌಲನೇ ರೋಮ 2ರಲ್ಲಿ ಒಪ್ಪಿಕೊಳ್ಳುತ್ತಾನೆ. ಬೇರೆ ಅಂದರೆ ನಾನು ಮೇಲೆ ಹೇಳಿದ ಆ ಮೊದಲ ಸಾಲು, ಹೇಳುತ್ತಿರುವವನು ಯಾರು ಅನ್ನುವುದು.

ಇನ್ನೊಂದು, ಆ ಹತ್ತರಲ್ಲಿ ಯಾರ್ಯಾರ ಹೆಸರು ಬರುತ್ತೆ ಅಂತ ಒಂದು ಚೀಟಿಯಲ್ಲಿ ಬರೆಯಿರಿ. ಅಪ್ಪ. ಅಮ್ಮ. ಮಗ. ಮಗಳು. ಗಂಡಾಳು. ಹೆಣ್ಣಾಳು. ಎತ್ತು. ಕತ್ತೆ. ಊರಿನಲ್ಲಿ ಉಳಿದುಕೊಂಡಿರುವ ಪರದೇಶಿ. ನೆರೆಯವನು, ಅವನ ಹೆಂಡತಿ, ಅವನ ಮನೆ. ಇದು ನಾನು ಸ್ವರ್ಗಕ್ಕೆ ಹೋಗುವ ಪಟ್ಟಿ ಥರ ಇಲ್ಲ. ನನ್ನ ಕೈಗೆ ಸಿಕ್ಕಿಬೀಳುವವರ ಪಟ್ಟಿ. ದೇವರು ಇವರ ಪರವಾಗಿ ನನ್ನ ಹತ್ತಿರ ಮಾತಾಡುತ್ತಿದ್ದಾನೆ ಅಂತ ನನಗೆ ಅನ್ನಿಸುತ್ತದೆ. ನನ್ನ ರಕ್ಷಣೆಯ ವಿಷಯ ಶಿಲುಬೆಯಲ್ಲಿ ಮುಗಿಯಿತು. ಇವರ ವಿಷಯ ಮುಗಿದಿಲ್ಲ.

ಪಕ್ಕದ್ಮನೆ

ಎತ್ತು ಕೂಡ ಇದೆಯಾ! ಗೊತ್ತಿರಲಿಲ್ಲ.

ಆಲೆಮನೆ (ಪಾಂಡವಪುರ ತಾಲ್ಲೂಕು)

ಮೇಷ್ಟ್ರು ಪಟ್ಟಿ ಓದಿ ಬರೆಯೋಣ ಅನ್ನಿಸಿತು. ನಮ್ಮದು ಆಲೆಮನೆ. ಅಪ್ಪನ ಕಾಲದಿಂದ ಇದೆ. ಇಲ್ಲಿನ ಚರ್ಚೆಗೆ ಸಂಬಂಧಪಟ್ಟ ಒಂದು ತಕರಾರು ನಮ್ಮ ಮನೆಯಲ್ಲೇ ನಡೆಯುತ್ತಿದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೊಪ್ಪರಿಗೆಯಲ್ಲಿ ಹಾಲು (ಕಬ್ಬಿನ ಹಾಲು) ಕುದಿಯುವಾಗ ಮಡ್ಡಿ ಮೇಲೆ ಬರುತ್ತೆ. ಅದನ್ನು ತೆಗೆಯಲು ನಾವು ಸುಣ್ಣ, ಬೆಂಡೆಗಿಡದ ಲೋಳೆ ಹಾಕುತ್ತೇವೆ. ಪಾಕ ಬಂತಾ ಅಂತ ನೀರಿಗೆ ಒಂದು ತೊಟ್ಟು ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತೇವೆ. ಹಾಗೆ ಮಾಡಿದ ಬೆಲ್ಲ ಕಂದು ಬಣ್ಣ. ಕಬ್ಬು ಚೌಳು ನೆಲದ್ದಾದರೆ ಇನ್ನೂ ಕಪ್ಪು. ಮಂಡಿಯಲ್ಲಿ ಕೇಳುವುದು ಹಳದಿ ಬೆಲ್ಲ. ಅದಕ್ಕೆ ಜನ ಹೈಡ್ರೋಸ್ ಪುಡಿ ಹಾಕುತ್ತಾರೆ. ಕುದಿಯುವ ಹಾಲಿಗೆ ಒಂದು ಹಿಡಿ ಬಿಟ್ಟರೆ ಕಣ್ಣೆದುರೇ ಬಣ್ಣ ತಿಳಿಯಾಗುತ್ತೆ. ಮೂಗಿಗೆ ಒಂದು ಥರ ಗಂಧಕದ ವಾಸನೆ ಹೊಡೆಯುತ್ತೆ. ಆಮೇಲೆ ಅಚ್ಚಿಗೆ ಹಾಕಿದರೆ ಬಂಗಾರದ ಹಾಗೆ ಬೆಲ್ಲ. ನಾವು ಹಾಕುವುದಿಲ್ಲ. ಹೋದ ಸಲ ನಮ್ಮ ದಲ್ಲಾಳಿ ನಮ್ಮ ಬೆಲ್ಲದ ಉಂಡೆ ಎತ್ತಿ ನೋಡಿ, ಮಾತಾಡದೆ ಕೆಳಗಿಟ್ಟು, ಪಕ್ಕದ ರಾಶಿಯ ಕಡೆ ಹೋದ.

ನನ್ನ ಬಾಮೈದ ನಮ್ಮ ಜೊತೆಗೇ ದುಡಿಯುತ್ತಾನೆ. ಪ್ರಾರ್ಥನೆ ಕೂಟ ಒಂದೂ ತಪ್ಪಿಸುವವನಲ್ಲ. ಅವನು ಏನನ್ನುತ್ತಾನೆ ಅಂದರೆ, "ಭಾವ, ನೀವಿನ್ನೂ ಧರ್ಮಶಾಸ್ತ್ರದ ಕೆಳಗೇ ಇದ್ದೀರ. ಪುಡಿ ಹಾಕಬೇಡ ಅಂತ ಬೈಬಲ್‌ನಲ್ಲಿ ಎಲ್ಲಿದೆ ತೋರಿಸಿ. ಆತ್ಮ ಚುಚ್ಚಿದರೆ ಬಿಡೋಣ. ನನಗೆ ಚುಚ್ಚಿಲ್ಲ." ಇದಕ್ಕೆ ಏನು ಹೇಳಲಿ?

ಕೃಪೆಸಾಕು

ಬ್ರದರ್, ನಿಮ್ಮ ಬಾಮೈದ ಹೇಳಿದ್ದು ತಪ್ಪು. ಕೃಪೆ ಅಂದರೆ ಅದಲ್ಲ. ಕೃಪೆ ಜಾಸ್ತಿಯಾಗಲಿ ಅಂತ ಪಾಪ ಮಾಡೋಣವಾ, ಎಂದಿಗೂ ಇಲ್ಲ, ರೋಮ 6:1-2. ನೆರೆಯವನ ಮೇಲೆ ಪ್ರೀತಿ ಇದ್ದರೆ ಅವನು ತಿನ್ನುವ ಬೆಲ್ಲಕ್ಕೆ ಪುಡಿ ಹಾಕಲು ಕೈ ಬರುವುದಿಲ್ಲ. ಅದಕ್ಕೆ ಕಲ್ಲಿನ ಹಲಗೆ ಬೇಡ, ಪ್ರೀತಿ ಸಾಕು.

ಆಲೆಮನೆ

ಪ್ರೀತಿ ಅವನಿಗೂ ಇದೆ ಬ್ರದರ್, ಸುಳ್ಳಲ್ಲ. ಕಬ್ಬು ಕಡಿಯುವಾಗ ಒಬ್ಬರ ಕಾಲಿಗೆ ಮಚ್ಚು ತಗುಲಿದಾಗ ಅರ್ಧರಾತ್ರಿ ಬೈಕಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋದವನು ಅವನೇ. ಕಣ್ಣೆದುರು ಇರುವವರ ಮೇಲೆ ಪ್ರೀತಿ ಬರುತ್ತೆ. ಬೆಲ್ಲ ತಿನ್ನುವವನು ಎಲ್ಲೋ ಗುಜರಾತಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾನೆ. ಅವನ ಮುಖ ನಾವು ನೋಡುವುದೇ ಇಲ್ಲ. ಅಲ್ಲಿ ಪ್ರೀತಿ ತಾನಾಗಿ ಹುಟ್ಟಲ್ಲ. ಅಲ್ಲಿಗೆ ಯಾರಾದರೂ "ಬೇಡ" ಅನ್ನಬೇಕು.

ಲಷ್ಕರ್ ಮೊಹಲ್ಲಾ

ಎಲ್ಲಿದೆ ತೋರಿಸಿ ಅಂದನಾ? ಮಾರ್ಕ 10:19 ತೋರಿಸಿ. ಶ್ರೀಮಂತ ಯುವಕನ ಅದೇ ಕಥೆ. ಕೊಲ್ಲಬೇಡ, ವ್ಯಭಿಚಾರ ಬೇಡ, ಕದಿಯಬೇಡ, ಸುಳ್ಳುಸಾಕ್ಷಿ ಬೇಡ ಅಂತ ಹೇಳಿ, ಸ್ವಾಮಿ ನಡುವೆ "ಮೋಸ ಮಾಡಬೇಡ" ಅಂತ ಒಂದು ಸೇರಿಸುತ್ತಾರೆ. ಹತ್ತರ ಪಟ್ಟಿಯಲ್ಲಿ ಅದು ಹಾಗೇ ಇಲ್ಲ. ಮತ್ತಾಯನಲ್ಲೂ ಲೂಕನಲ್ಲೂ ಇಲ್ಲ, ಮಾರ್ಕನಲ್ಲಿ ಮಾತ್ರ. ಎದುರಿಗಿರುವವನು ತುಂಬಾ ಆಸ್ತಿ ಇದ್ದವನು, ಅದಕ್ಕೇ ಇರಬೇಕು. ಯಾಜಕಕಾಂಡ 19ರಲ್ಲಿ ಸರಿಯಾದ ತಕ್ಕಡಿ, ಸರಿಯಾದ ತೂಕ ಅಂತಲೂ ಇದೆ.

ಯೇಸುವನ್ನು ನೋಡಲು ಮರ ಹತ್ತಿದ ಜಕ್ಕಾಯನ ಕಥೆಯೂ ಹೇಳಿ. ಸ್ವಾಮಿ "ಇವತ್ತು ನಿನ್ನ ಮನೆಯಲ್ಲಿ ಉಳಿಯಬೇಕು" ಅಂದಾಗ ಅವನು ಇನ್ನೂ ಮರದ ಮೇಲಿದ್ದ ಸುಂಕದವನು. ಒಂದು ಪೈಸೆ ವಾಪಸು ಕೊಟ್ಟಿರಲಿಲ್ಲ. ಮೊದಲು ಕೃಪೆ, ಒಪ್ಪಿದೆ ತಮ್ಮಾ. ಆಮೇಲೆ ಅವನು ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದ. ಕದ್ದ ಕುರಿಗೆ ನಾಲ್ಕು ಕುರಿ ಅನ್ನುವ ವಿಮೋಚನಕಾಂಡ 22ರ ಲೆಕ್ಕವನ್ನು ಅವನು ನೆನಪಿಟ್ಟುಕೊಂಡಿದ್ದ ಅಂತ ಕಾಣುತ್ತೆ. ಕೃಪೆ ಸಿಕ್ಕಿದ ಮೇಲೆ ಎಷ್ಟು ಕೊಡಬೇಕು ಅಂತ ಅವನಿಗೆ ಧರ್ಮಶಾಸ್ತ್ರ ಗೊತ್ತುಮಾಡಿಕೊಟ್ಟಿತು.

ಹಳೇ ಮೇಷ್ಟ್ರು

ಆಲೆಮನೆಯವರೇ, ನಮ್ಮ ಮೈಸೂರಿನ ಸಭೆಗಳಲ್ಲಿ ಎಷ್ಟೋ ಕುಟುಂಬಗಳು ವೆಸ್ಲಿಯನ್ ಮಿಷನ್ನಿನ ಕಾಲದವು. ಆ ಜಾನ್ ವೆಸ್ಲಿ ಕೃಪೆಯನ್ನು ಊರೂರು ಬೋಧಿಸಿದವರು. ಅವರೇ 1743ರಲ್ಲಿ ತಮ್ಮ ಸಂಘದವರಿಗೆ ನಿಯಮ ಬರೆದರು. ಮೂರೇ ತಲೆಬರಹ: ಕೇಡು ಮಾಡಬೇಡ, ಒಳ್ಳೇದು ಮಾಡು, ದೇವರ ಆರಾಧನೆ ಪ್ರಾರ್ಥನೆ ಬಿಡಬೇಡ. ಮೊದಲನೆಯದರ ಕೆಳಗಿನ ಪಟ್ಟಿ ನೋಡಿದರೆ ನಗು ಬರುತ್ತೆ, ಅಷ್ಟು ವಿವರ. ಸುಂಕ ಕಟ್ಟದ ಸಾಮಾನು ಕೊಳ್ಳಬೇಡ, ಮಾರಬೇಡ. ತೀರಿಸುವ ದಾರಿ ಕಾಣದೆ ಸಾಲ ಮಾಡಬೇಡ. ಬಡ್ಡಿಯ ಮಾತೂ ಇದೆ. ಈ ನಿಯಮ ಪಾಲಿಸಿ ರಕ್ಷಣೆ ಸಂಪಾದಿಸಿ ಅಂತ ಎಲ್ಲೂ ಇಲ್ಲ. ರಕ್ಷಣೆ ಬೇಕು ಅನ್ನುವ ಆಸೆ ನಿಜವಾಗಿದ್ದರೆ ಅದು ಇಲ್ಲಿ ಕಾಣಿಸುತ್ತೆ ಅಂತ ಇದೆ. ವೆಸ್ಲಿ ಇವತ್ತು ಮಂಡ್ಯಕ್ಕೆ ಬಂದಿದ್ದರೆ ಹೈಡ್ರೋಸ್ ಅಂತ ಒಂದು ಸಾಲು ಖಂಡಿತ ಸೇರಿಸುತ್ತಿದ್ದರು.

ಚುಚ್ಚಿಲ್ಲ ಅನ್ನುವ ಮಾತಿಗೆ ಯೆರೆಮೀಯ 31:33 ತೆಗೆಸಿ. ಹೊಸ ಒಡಂಬಡಿಕೆಯಲ್ಲಿ ದೇವರು ಹೃದಯದ ಮೇಲೆ ಏನನ್ನು ಬರೆಯುತ್ತಾನೆ? ತನ್ನ ಧರ್ಮಶಾಸ್ತ್ರವನ್ನೇ. ಅದನ್ನು ಅಳಿಸಿ ಬೇರೆ ಏನೋ ಬರೆಯುತ್ತೇನೆ ಅನ್ನಲಿಲ್ಲ. ಆತ್ಮ ಚುಚ್ಚಿದ್ದಾ, ದಲ್ಲಾಳಿಯ ರೇಟು ಚುಚ್ಚಿದ್ದಾ ಅಂತ ನೋಡಲು ಅದೇ ಅಳತೆ.

ಏಳನೇ ದಿನ (ಮೈಸೂರು)

ಎಲ್ಲರೂ ಒಂಬತ್ತು ಆಜ್ಞೆಯ ಬಗ್ಗೆ ಮಾತಾಡುತ್ತಿದ್ದೀರಿ. ಸಬ್ಬತ್ತಿನ (ವಾರದ ವಿಶ್ರಾಂತಿ ದಿನದ) ಆಜ್ಞೆ ಎಲ್ಲಿ ಹೋಯಿತು? ಏಳನೇ ದಿನ ಅಂದರೆ ಶನಿವಾರ. ಭಾನುವಾರ ವಿಶ್ರಾಂತಿ ಅಂತ ಕಾನೂನು ಮಾಡಿದ್ದು ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್, 321ರಲ್ಲಿ. ದೇವರ ಆಜ್ಞೆ ಬದಲಿಸಲು ಚಕ್ರವರ್ತಿ ಯಾರು?

ಲಷ್ಕರ್ ಮೊಹಲ್ಲಾ

ಬಂದರಪ್ಪ! ಕಾನ್‌ಸ್ಟಂಟೈನ್ ಹುಟ್ಟುವ ಎಷ್ಟೋ ಮೊದಲೇ ಪುನರುತ್ಥಾನದ ದಿನ ಅಂತ ಭಾನುವಾರ ಸೇರುತ್ತಿದ್ದರು. ಅಪೊಸ್ತಲರ ಕೃತ್ಯಗಳು 20:7 ನೋಡಿ, ವಾರದ ಮೊದಲ ದಿನ ರೊಟ್ಟಿ ಮುರಿಯಲು ಕೂಡಿದ್ದರು. ಅವನು ರಜೆ ಕೊಟ್ಟ, ಅಷ್ಟೇ.

ಆಲೆಮನೆ

ಆ ಚಕ್ರವರ್ತಿ ರೈತರಿಗೆ ವಿನಾಯಿತಿ ಕೊಟ್ಟಿದ್ದ ಅಂತ ನಮ್ಮ ಅಯ್ಯನವರು ಒಮ್ಮೆ ಹೇಳಿದ್ದರು, ನಿಜವಾ ಮೇಷ್ಟ್ರೇ? ನಮಗೆ ಇದು ದೊಡ್ಡ ತಲೆನೋವು. ಕಬ್ಬು ಕಡಿದ ಮೇಲೆ ಬೇಗ ಅರೆಯಬೇಕು. ಒಣಗಲು ಬಿಟ್ಟರೆ ತೂಕವೂ ಹೋಯಿತು, ಸಿಹಿಯೂ ಹೋಯಿತು. ಗಾಣ ಭಾನುವಾರ ಅಂತ ಕಾಯಲ್ಲ.

ಹಳೇ ಮೇಷ್ಟ್ರು

ನಿಜ. ನ್ಯಾಯಾಧೀಶರು, ಊರಿನ ಜನ, ಕಸುಬಿನವರು ರಜೆ ಮಾಡಬೇಕು, ಬೇಸಾಯದವರು ಬೇಕಾದರೆ ಕೆಲಸ ಮಾಡಬಹುದು ಅಂತ ಇತ್ತು, ಬಿತ್ತನೆಯ ಹದ ತಪ್ಪಬಾರದು ಅಂತ. ಆದರೆ ಚಕ್ರವರ್ತಿಯನ್ನು ಬಿಡಿ. ಧರ್ಮೋಪದೇಶಕಾಂಡ 5ನ್ನು ಓದಿ. ವಿಮೋಚನಕಾಂಡದಲ್ಲಿ ಸಬ್ಬತ್ತಿಗೆ ಕಾರಣ ದೇವರು ಆರು ದಿನದಲ್ಲಿ ಸೃಷ್ಟಿ ಮಾಡಿ ಏಳನೇ ದಿನ ವಿಶ್ರಮಿಸಿದ್ದು. ಧರ್ಮೋಪದೇಶಕಾಂಡದಲ್ಲಿ ಕಾರಣವೇ ಬೇರೆ. ನೀನು ಐಗುಪ್ತದಲ್ಲಿ ದಾಸನಾಗಿದ್ದೆ ಅನ್ನುವುದನ್ನು ನೆನಪಿಟ್ಟುಕೋ. ನಿನ್ನ ಆಳುಗಳೂ ನಿನ್ನ ಹಾಗೇ ವಿಶ್ರಮಿಸಲಿ. ಇಟ್ಟಿಗೆ ಮಾಡಿ ಮಾಡಿ ರಜೆ ಅಂದರೆ ಏನು ಅಂತಲೇ ಗೊತ್ತಿಲ್ಲದವರಿಗೆ ಕೊಟ್ಟ ಆಜ್ಞೆ ಅದು. ಶನಿವಾರವಾ ಭಾನುವಾರವಾ ಅಂತ ಜಗಳ ಆಡುವಾಗ ಈ ಆಳು ಎಲ್ಲಿ ಹೋದ ಅಂತ ಯಾರೂ ಕೇಳುವುದಿಲ್ಲ.

ಆಲೆಮನೆ

ನಮ್ಮಲ್ಲಿ ಕೊಪ್ಪರಿಗೆ ಹತ್ತಿರ ಇರುವವರು ಉತ್ತರ ಪ್ರದೇಶದ ಹುಡುಗರು. ಭಾನುವಾರ ಅವರಿಗೆ ಹಬ್ಬವೂ ಅಲ್ಲ, ಆರಾಧನೆಯೂ ಅಲ್ಲ. ನಾವು ಪಾಳಿ ಮಾಡಿದ್ದೇವೆ. ಪ್ರತಿಯೊಬ್ಬನಿಗೂ ವಾರಕ್ಕೆ ಒಂದು ದಿನ ಬೆಂಕಿಯ ಹತ್ತಿರ ಹೋಗುವ ಹಾಗಿಲ್ಲ. ಕೂಲಿ ಕೊಡುತ್ತೇವೆ. ನಾನು ಬೆಳಗ್ಗೆ ಚರ್ಚಿಗೆ ಹೋಗಿ ಬರುತ್ತೇನೆ, ಬಾಮೈದ ಸಂಜೆ. ಇದು ಸಬ್ಬತ್ತು ಪಾಲಿಸಿದ ಹಾಗಾ, ಮುರಿದ ಹಾಗಾ?

ಏಳನೇ ದಿನ

ದೇವರು ದಿನವನ್ನೂ ಹೇಳಿದ್ದಾನೆ ಅನ್ನುವುದು ನನ್ನ ನಂಬಿಕೆ, ಅದನ್ನು ಬಿಡಲ್ಲ. ಆದರೆ ಕೂಲಿ ಕೊಟ್ಟು ರಜೆ ಅಂದಿರಲ್ಲ, ಅದು ಶನಿವಾರ ಪಾಲಿಸುವ ನಮ್ಮವರಲ್ಲೂ ಎಲ್ಲರೂ ಮಾಡುವುದಿಲ್ಲ. ಒಳ್ಳೇದು.

ಸ್ವರ್ಣಸಂದ್ರದ ಅಕ್ಕ (ಮಂಡ್ಯ)

ನಾನು ನರ್ಸು. ಇಷ್ಟು ದಿನ ಓದುತ್ತಿದ್ದೆ. ಆಜ್ಞೆ ಬೇಕು ಅನ್ನುವವರಿಗೂ ಒಂದು ಮಾತು ಇದೆ.

ನಮ್ಮ ವಾರ್ಡಿಗೆ ವಯಸ್ಸಾದ ಅಮ್ಮಂದಿರು ಬರುತ್ತಾರೆ. ಯಾರ ಮನೆಯವರು ಅಂತ ಊರೆಲ್ಲ ಗೊತ್ತಿರುತ್ತೆ. ಒಬ್ಬರ ಮನೆಗೆ ಹೋಗಿದ್ದೆ. ನಡುಮನೆಯಲ್ಲಿ ಹತ್ತು ಆಜ್ಞೆಯ ದೊಡ್ಡ ಫ್ರೇಮು, ಬಂಗಾರದ ಬಣ್ಣದ ಅಂಚು. ಮಗ ಚರ್ಚು ಕಟ್ಟಡಕ್ಕೆ ಕೊಟ್ಟ ದುಡ್ಡು ಕಲ್ಲಿನಲ್ಲಿ ಕೆತ್ತಿದೆ. ಅಮ್ಮನ ಸಕ್ಕರೆ ಕಾಯಿಲೆಯ ಇನ್ಸುಲಿನ್ ಮುಗಿದು ವಾರ ಆಗಿತ್ತು. ಕಾಲಿನ ಹುಣ್ಣಿಗೆ ಹಳೇ ಸೀರೆಯ ಚಿಂದಿ ಸುತ್ತಿಕೊಂಡಿದ್ದರು. ಬಿಚ್ಚುವಾಗ ಚಿಂದಿ ಮಾಂಸಕ್ಕೆ ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ ನೆನೆಸಿ ಬಿಡಿಸಿದೆ.

ಮಾರ್ಕ 7ರಲ್ಲಿ ಇದೇ ಇದೆ. ಅಪ್ಪ ಅಮ್ಮನಿಗೆ ಕೊಡಬೇಕಾದ್ದನ್ನು "ಕೊರ್ಬಾನ್, ದೇವರಿಗೆ ಮುಡಿಪು" ಅಂದುಬಿಟ್ಟರೆ ಕೊಡಬೇಕಾಗಿಲ್ಲ ಅಂತ ಧರ್ಮಶಾಸ್ತ್ರದಲ್ಲಿ ಕಟ್ಟುನಿಟ್ಟಾಗಿದ್ದ ಫರಿಸಾಯರು ದಾರಿ ಮಾಡಿಕೊಟ್ಟಿದ್ದರು. ಯೇಸುವಿಗೆ ಕೋಪ ಬಂದಿದ್ದು ಆಜ್ಞೆ ಪಾಲಿಸದವರ ಮೇಲೆ ಜಾಸ್ತಿಯಾ, ಹೀಗೆ ಪಾಲಿಸಿದವರ ಮೇಲೆ ಜಾಸ್ತಿಯಾ, ನೀವೇ ನೋಡಿ. ಕೃಪೆ ಅನ್ನುವ ಮಾತನ್ನು ನೆಪ ಮಾಡಿಕೊಳ್ಳಬಹುದು. ಆಜ್ಞೆಯನ್ನೂ ಮಾಡಿಕೊಳ್ಳಬಹುದು. ಮೇಷ್ಟ್ರು ಚೀಟಿಯಲ್ಲಿ ಬರೆಯಿರಿ ಅಂದ ಆ ಹೆಸರುಗಳನ್ನು ಕೇಳಿದರೆ ಮಾತ್ರ ನಿಜ ಗೊತ್ತಾಗುತ್ತೆ. ಅಮ್ಮನನ್ನು ಸನ್ಮಾನಿಸಿದೆಯಾ ಅಂತ ಮಗನನ್ನು ಕೇಳಬೇಡಿ, ಅಮ್ಮನನ್ನು ಕೇಳಿ.

ಪಕ್ಕದ್ಮನೆ

ಅಕ್ಕ ಹೇಳಿದ್ದಕ್ಕೆ ನಮ್ಮ ಕಡೆಯಲ್ಲೂ ಉದಾಹರಣೆ ಬೇಕಾದಷ್ಟಿವೆ. ದೇವಸ್ಥಾನದ ಕಲ್ಲಿನಲ್ಲಿ ಹೆಸರು ಇರುವವರು.

ಬನ್ನಿಮಂಟಪದ ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ಭಾನುವಾರ ಮೇಷ್ಟ್ರು ಹೇಳಿದ ಹಾಗೆ 12, 14, 16, 19, 20 ಅಂತ ಬೋರ್ಡಿನ ಮೇಲೆ ಬರೆದೆ. ಪುಸ್ತಕ ಮುಚ್ಚಿಸಿ, ಯಾವುದು ಮೊದಲು ಬರಬಹುದು ಅಂತ ಕೇಳಿದೆ. ಮುಕ್ಕಾಲು ಜನ ಆಜ್ಞೆ ಮೊದಲು, ಬಿಡುಗಡೆ ಆಮೇಲೆ ಅಂದರು. ಚರ್ಚಿನಲ್ಲೇ ಬೆಳೆದ ಮಕ್ಕಳು! ಆಮೇಲೆ ಹೆಸರಿನ ಪಟ್ಟಿ ಮಾಡಿಸಿದೆ.

ಮಧ್ಯೆ ಒಂದು ತಮಾಷೆ. ಒಬ್ಬ ಹುಡುಗಿ ತನ್ನ ಕಥೋಲಿಕ ಗೆಳತಿಯ ಹತ್ತಿರ "ಆರನೇ ಆಜ್ಞೆ ನಾನು ಯಾವತ್ತೂ ಮುರಿಯಲ್ಲ" ಅಂದಿದ್ದಾಳೆ. ನಮ್ಮ ಲೆಕ್ಕದಲ್ಲಿ ಆರು ಅಂದರೆ ಕೊಲೆ. ಅವರ ಲೆಕ್ಕದಲ್ಲಿ ವ್ಯಭಿಚಾರ. ಆ ಹುಡುಗಿ ಬಿದ್ದು ಬಿದ್ದು ನಕ್ಕಿದ್ದಾಳೆ.

ಲಷ್ಕರ್ ಮೊಹಲ್ಲಾ

ನಾವು ಅಗಸ್ಟೀನರ ಎಣಿಕೆ, ಲೂಥರನ್ನರೂ ಹಾಗೇ. ವಿಗ್ರಹದ ಮಾತನ್ನು ಮೊದಲನೆಯದರಲ್ಲೇ ಸೇರಿಸಿ, ಕೊನೆಯಲ್ಲಿ ಆಸೆಪಡಬೇಡ ಅನ್ನುವುದನ್ನು ಎರಡು ಮಾಡುತ್ತೇವೆ. ಒಟ್ಟು ಹತ್ತೇ, ಹೆದರಬೇಡಿ.

ಬನ್ನಿಮಂಟಪದ ಟೀಚರ್

ಆ ಆಸೆಯದ್ದೇ ಈಗ ಸಮಸ್ಯೆ. ಅದೇ ಹಿಂದಿನ ಬೆಂಚಿನ ಹುಡುಗ ಹೊಸ ಪ್ರಶ್ನೆ ತಂದಿದ್ದಾನೆ. "ಮಿಸ್, ಕೊಂದರೆ ಪೊಲೀಸ್ ಹಿಡಿಯುತ್ತಾರೆ, ಕದ್ದರೂ ಹಿಡಿಯುತ್ತಾರೆ. ಫ್ರೆಂಡ್ ಹತ್ತಿರ ಇರುವ ಬೈಕ್ ನೋಡಿ ಹೊಟ್ಟೆ ಉರಿದರೆ ಯಾರು ಹಿಡಿಯುತ್ತಾರೆ? ಇದನ್ನು ಪಾಲಿಸಿದವರು ಯಾರಾದರೂ ಇದ್ದಾರಾ?" ಇಡೀ ಕ್ಲಾಸು ನನ್ನ ಮುಖವನ್ನೇ ನೋಡುತ್ತಿತ್ತು. ಇಲ್ಲ ಅಂದೆ.

ಕೃಪೆಸಾಕು

ಸಿಸ್ಟರ್, ಆ ಹುಡುಗನನ್ನು ನನಗೆ ಪರಿಚಯ ಮಾಡಿಸಿ! ಪೌಲನೂ ಸಿಕ್ಕಿಬಿದ್ದಿದ್ದು ಅಲ್ಲೇ. ರೋಮ 7:7. ಹತ್ತರಲ್ಲಿ ಅವನು ಉದಾಹರಣೆಗೆ ಎತ್ತಿಕೊಳ್ಳುವುದು ಅದೊಂದನ್ನೇ. ಆಸೆಪಡಬೇಡ ಅಂತ ಧರ್ಮಶಾಸ್ತ್ರ ಹೇಳದಿದ್ದರೆ ಆಸೆ ಅಂದರೆ ಏನು ಅಂತಲೇ ನನಗೆ ಗೊತ್ತಾಗುತ್ತಿರಲಿಲ್ಲ ಅನ್ನುತ್ತಾನೆ. ಉಳಿದ ಒಂಬತ್ತರಲ್ಲಿ ಹೇಗೋ ಪಾಸಾದೆ ಅನ್ನಬಹುದು, ಇಲ್ಲಿ ಯಾರೂ ಪಾಸಾಗಲ್ಲ. ಬಾಮೈದನ ವಿಷಯದಲ್ಲಿ ಆಲೆಮನೆ ಬ್ರದರ್ ಹೇಳಿದ್ದು ಒಪ್ಪುತ್ತೇನೆ. ಮುಖ ಕಾಣದ ನೆರೆಯವನಿಗೆ ಆಜ್ಞೆ ಬೇಕು. ಆದರೆ ಈ ಕೊನೆಯದರ ಹತ್ತಿರ ಬಂದಾಗ ಪಾಲಿಸು ಪಾಲಿಸು ಅಂತ ಮಾತ್ರ ಹೇಳಿದರೆ ಮಕ್ಕಳು ಒಂದೋ ಸುಳ್ಳು ಹೇಳುತ್ತಾರೆ, ಇಲ್ಲ ಚರ್ಚು ಬಿಡುತ್ತಾರೆ. ನಾನು ಬಿಟ್ಟಿದ್ದೆನಲ್ಲ, ಗೊತ್ತು. ಅಲ್ಲಿ 8ನೇ ಅಧ್ಯಾಯದ ಮೊದಲ ವಚನ ಓದಿಸಿ, ಕ್ರಿಸ್ತ ಯೇಸುವಿನಲ್ಲಿರುವವರಿಗೆ ಈಗ ದಂಡನೆ ಇಲ್ಲ ಅನ್ನುವುದು.

ಲಷ್ಕರ್ ಅಣ್ಣಾ, ನಿಮ್ಮ ಸಭೆ ಇದನ್ನು ಒಪ್ಪಲ್ಲ ಅಲ್ವಾ? ನೀತಿವಂತರಾದವರಿಗೂ ಆಜ್ಞೆ ಪಾಲಿಸುವುದು ಅಸಾಧ್ಯ ಅಂದವರಿಗೆ ಬಹಿಷ್ಕಾರ ಅಂತ ನಿಮ್ಮ ಬಿಷಪ್ಪರೆಲ್ಲ ಕೂಡಿದ ಟ್ರೆಂಟ್ ಮಹಾಸಭೆಯಲ್ಲಿ ಹೇಳಿದ್ದೀರಂತೆ.

ಲಷ್ಕರ್ ಮೊಹಲ್ಲಾ

ಹೇಳಿದ್ದೇವೆ, 1547ರಲ್ಲಿ. ಅದು 18ನೇ ವಿಧಿ. ಅದೇ ಕಾಗದದ ಒಂದನೇ ವಿಧಿಯನ್ನೂ ಓದಿ ತಮ್ಮಾ. ಕ್ರಿಸ್ತನ ಕೃಪೆ ಇಲ್ಲದೆ ಬರೀ ತನ್ನ ಕೆಲಸದಿಂದ ಮನುಷ್ಯ ನೀತಿವಂತ ಆಗಬಹುದು ಅಂದವನಿಗೂ ಅದೇ ಬಹಿಷ್ಕಾರ. ಕೃಪೆ ಸಿಕ್ಕಿದ ಮೇಲೆ ಆಜ್ಞೆಯ ದಾರಿಯಲ್ಲಿ ನಡೆಯಲು ಆಗುತ್ತೆ ಅನ್ನುವುದು ನಮ್ಮ ಮಾತು, ಬೀಳುವುದೇ ಇಲ್ಲ ಅಂತ ಅಲ್ಲ. ಬೀಳದಿದ್ದರೆ ಪಾಪನಿವೇದನೆಯ ಪೆಟ್ಟಿಗೆ ಯಾಕೆ ಇಟ್ಟಿದ್ದೇವೆ? 1999ರ ಅಕ್ಟೋಬರ್ 31ಕ್ಕೆ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ನಮ್ಮವರೂ ಲೂಥರನ್ನರೂ ಕೃಪೆಯ ಬಗ್ಗೆ ಕೂಡಿ ಸಹಿ ಹಾಕಿದ್ದಾರೆ. 2006ರಲ್ಲಿ ಮೇಷ್ಟ್ರ ಮೆಥೋಡಿಸ್ಟರೂ (ವೆಸ್ಲಿಯವರ ಕಡೆಯವರು) ಸೇರಿಕೊಂಡರು. ಎಲ್ಲ ಜಗಳ ಮುಗಿದಿಲ್ಲ, ನೀವು ಹೇಳುವಷ್ಟು ಉಳಿದೂ ಇಲ್ಲ.

ಹಳೇ ಮೇಷ್ಟ್ರು

ಟೀಚರಮ್ಮ, "ಇಲ್ಲ" ಅಂದಿರಲ್ಲ, ಅಷ್ಟು ಸಾಕಿತ್ತು. ಮುಂದಿನ ವಾರ ರೋಮ 7 ಮತ್ತು 8 ಒಟ್ಟಿಗೇ ಓದಿಸಿ. ಏಳನ್ನು ಮುಗಿಸಿ ಮನೆಗೆ ಕಳಿಸಬೇಡಿ.

ಆಲೆಮನೆ

ಬಾಮೈದನಿಗೆ ಮಾರ್ಕ 10:19 ತೋರಿಸಿದೆ. "ಇದು ಮೋಸ ಹೇಗೆ, ಎಲ್ಲರೂ ಹಾಕುತ್ತಾರೆ, ಕೊಳ್ಳುವವನಿಗೂ ಗೊತ್ತು" ಅಂದ. ಗೊತ್ತಿದ್ದರೆ ಚೀಲದ ಮೇಲೆ ಪುಡಿ ಹಾಕಿದ್ದು ಅಂತ ಬರೆದು ಮಂಡಿಗೆ ಕಳಿಸೋಣ, ನಡಿ ಅಂದೆ. ಏನೂ ಮಾತಾಡಲಿಲ್ಲ. ಅವನು ಇನ್ನೂ ಒಪ್ಪಿಲ್ಲ, ಪುಡಿ ತಂದೂ ಇಲ್ಲ. ಮೈಸೂರಿನಲ್ಲಿ ಕಂದು ಬೆಲ್ಲವನ್ನು ನೇರವಾಗಿ ಕೊಳ್ಳುವವರು ಯಾರಾದರೂ ಇದ್ದರೆ ಹೇಳಿ, ದಲ್ಲಾಳಿಯ ಕಾಟ ತಪ್ಪುತ್ತೆ.

ನಿರ್ವಾಹಕ

ಬೆಲ್ಲದ ವ್ಯಾಪಾರಕ್ಕೆ ಮಾರಾಟ ವಿಭಾಗ ಇದೆ, ಅಲ್ಲಿ ಹಾಕಿ. ಶನಿವಾರ-ಭಾನುವಾರದ ವಿಷಯಕ್ಕೂ ಬೇರೆ ಚರ್ಚೆ ತೆರೆದಿದ್ದೇನೆ, ಏಳನೇ ದಿನ ಅವರು ಅಲ್ಲಿಗೆ ಬನ್ನಿ.

ಸ್ವರ್ಣಸಂದ್ರದ ಅಕ್ಕ

ಆಲೆಮನೆ ಅಣ್ಣಾ, ನಮ್ಮ ಹಾಸ್ಟೆಲ್ ಅಡುಗೆಮನೆಗೆ ಬೆಲ್ಲ ಬೇಕು. ಬಣ್ಣ ಹೇಗಿದ್ದರೂ ಪರವಾಗಿಲ್ಲ. ಮಾರಾಟ ವಿಭಾಗದಲ್ಲಿ ರೇಟು ಹಾಕಿ.